ಟ್ರೆಡಿಷನಲ್ ಕನ್ಸರ್ವೇಟಿವ್ ಎಂದರೆ ಯಾರು? ಅಮೆರಿಕದ ಬಲಪಂಥ ಮತ್ತು ಚರ್ಚಿನ ನಂಟು

ಅಮೆರಿಕದ ಚುನಾವಣೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲೂ ಟಿವಿ ಚರ್ಚೆಗಳಲ್ಲೂ ರಿಪಬ್ಲಿಕನ್, ಇವ್ಯಾಂಜೆಲಿಕಲ್, ಕ್ರಿಶ್ಚಿಯನ್ ರೈಟ್, ಕನ್ಸರ್ವೇಟಿವ್ ಎಂಬ ನಾಲ್ಕು ಹೆಸರುಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ನಾಲ್ಕೂ ಬೇರೆ ಬೇರೆ. ರಿಪಬ್ಲಿಕನ್ ಎನ್ನುವುದು ಪಕ್ಷ. ಇವ್ಯಾಂಜೆಲಿಕಲ್ ಎನ್ನುವುದು ಪ್ರಾಟೆಸ್ಟೆಂಟರೊಳಗಿನ ಒಂದು ಧಾರ್ಮಿಕ ಧಾರೆ. ಕ್ರಿಶ್ಚಿಯನ್ ರೈಟ್ ಎಂದರೆ 1970ರ ದಶಕದ ಕೊನೆಯಲ್ಲಿ ಓಟಿಗಾಗಿಯೇ ಕಟ್ಟಿದ ಸಂಘಟನೆಗಳ ಬಳಗ. ತಲೆಮಾರುಗಳಿಂದ ಬಂದ ರೂಢಿ, ಧರ್ಮ, ಕುಟುಂಬಗಳನ್ನು ಕಾಯಬೇಕು ಎನ್ನುವ ಟ್ರೆಡಿಷನಲ್ ಕನ್ಸರ್ವೇಟಿಸಂ ಈ ಬಳಗಕ್ಕಿಂತ ಹಳೆಯದು. ಅದನ್ನು ಹಿಡಿದವರ ಸಂಖ್ಯೆ ಯಾವತ್ತೂ ದೊಡ್ಡದಿರಲಿಲ್ಲ, ಆದರೆ ಉಳಿದವರು ವೇದಿಕೆ ಮೇಲೆ ಆಡುವ ಮಾತಿನಲ್ಲಿ ಅರ್ಧ ಇವರಿಂದ ಕಡ ತಂದದ್ದು.

ಈ ಚಿಂತನೆ ತನ್ನ ಮೂಲಪುರುಷ ಎಂದು ಹೇಳಿಕೊಳ್ಳುವುದು ಎಡ್ಮಂಡ್ ಬರ್ಕ್‌ನನ್ನು. ಐರ್ಲೆಂಡಿನಲ್ಲಿ ಹುಟ್ಟಿ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾದ ಆತ 1790ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಖಂಡಿಸಿ ಪುಸ್ತಕ ಬರೆದ. ಸಮಾಜ ಎಂದರೆ ಈಗ ಬದುಕಿರುವವರಷ್ಟೇ ಮಾಡಿಕೊಂಡ ಕರಾರಲ್ಲ, ಸತ್ತವರೂ ಇನ್ನು ಹುಟ್ಟಬೇಕಾದವರೂ ಅದರಲ್ಲಿ ಪಾಲುದಾರರು ಎನ್ನುವುದು ಅವನ ವಾದ. ಹಾಗಾಗಿ ತಲೆಮಾರುಗಳಿಂದ ಬಂದ ಕುಟುಂಬ, ಚರ್ಚು, ಊರಿನ ಕಟ್ಟುಕಟ್ಟಳೆಗಳನ್ನು ಕಾಗದದ ಮೇಲಿನ ಸಿದ್ಧಾಂತ ನಂಬಿಕೊಂಡು ರಾತ್ರೋರಾತ್ರಿ ಕಿತ್ತೆಸೆಯುವ ಹಕ್ಕು ಯಾರಿಗೂ ಇಲ್ಲ. ಹಾಗಂತ ಏನೂ ಬದಲಾಗಕೂಡದು ಎಂದವನಲ್ಲ. ಅಮೆರಿಕದ ವಸಾಹತುಗಳ ಜತೆ ರಾಜಿಗೆ ಬನ್ನಿ ಎಂದು 1775ರಲ್ಲಿ ಪಾರ್ಲಿಮೆಂಟಿನಲ್ಲಿ ವಾದಿಸಿದವನೂ ಅವನೇ. ಮೈಸೂರಿನ ಚರಿತ್ರೆ ಓದುವವರಿಗೂ ಆತ ಎದುರಾಗುತ್ತಾನೆ: ಆರ್ಕಾಟಿನ ನವಾಬನ ಸಾಲಗಳ ಬಗ್ಗೆ 1785ರಲ್ಲಿ ಮಾಡಿದ ಭಾಷಣದಲ್ಲಿ, ಹೈದರಾಲಿ 1780ರಲ್ಲಿ ಕರ್ನಾಟಿಕ್ ಸೀಮೆಗೆ ನುಗ್ಗಿದ್ದರ ಮೈ ನಡುಗಿಸುವ ವರ್ಣನೆ ಇದೆ. ತಪ್ಪು ಹೊರಿಸಿದ್ದು ಮಾತ್ರ ಕೊಟ್ಟ ಮಾತು ಮುರಿದ ಕಂಪನಿಯವರ ಮೇಲೆ.

ಬರ್ಕ್‌ನನ್ನು ಇಪ್ಪತ್ತನೇ ಶತಮಾನದ ಅಮೆರಿಕಕ್ಕೆ ತಂದವರು ಮಿಷಿಗನ್‌ನ ಮೆಕೊಸ್ಟಾ ಎಂಬ ಹಳ್ಳಿಯಲ್ಲಿ ನೆಲೆಸಿದ ರಸೆಲ್ ಕರ್ಕ್. 1953ರಲ್ಲಿ ಬಂದ ಅವರ ‘ದಿ ಕನ್ಸರ್ವೇಟಿವ್ ಮೈಂಡ್’ ಪುಸ್ತಕ ಆರು ಸೂತ್ರಗಳನ್ನು ಮುಂದಿಟ್ಟಿತು. ಮೊದಲನೆಯದೇ ದೇವರದ್ದು: ಮನುಷ್ಯ ಮಾಡಿದ ಕಾನೂನಿಗಿಂತ ಮೇಲಿನ ಒಂದು ನೈತಿಕ ವ್ಯವಸ್ಥೆ ಇದೆ, ರಾಜಕೀಯದ ಸಮಸ್ಯೆಗಳು ಕೊನೆಗೆ ಧರ್ಮದ, ನೀತಿಯ ಸಮಸ್ಯೆಗಳೇ. ಉಳಿದವು ಬದುಕಿನ ವೈವಿಧ್ಯದ ಮೇಲಿನ ಪ್ರೀತಿ, ಸಮಾಜದಲ್ಲಿ ಶ್ರೇಣಿಗಳು ಬೇಕು ಎಂಬ ನಂಬಿಕೆ, ಆಸ್ತಿಗೂ ಸ್ವಾತಂತ್ರ್ಯಕ್ಕೂ ಇರುವ ನಂಟು, ರೂಢಿಯ ಮೇಲಿನ ಭರವಸೆ, ಎಲ್ಲ ಬದಲಾವಣೆಯೂ ಸುಧಾರಣೆಯಲ್ಲ ಎಂಬ ಎಚ್ಚರ. ಮೋಟಾರು ಕಾರನ್ನು ಕರ್ಕ್ ‘ಯಂತ್ರರೂಪಿ ಜಾಕೊಬಿನ್’ ಎಂದು ಬೈಯುತ್ತಿದ್ದರು. ಫ್ರೆಂಚ್ ಕ್ರಾಂತಿಕಾರಿಗಳು ಊರು, ಮನೆತನಗಳನ್ನು ಒಡೆದ ಹಾಗೆ ಕಾರೂ ಒಡೆಯಿತು ಎಂಬ ಸಿಟ್ಟು. ಮಾರುಕಟ್ಟೆಯನ್ನು ಕೊಂಡಾಡುವ ಇವತ್ತಿನ ರಿಪಬ್ಲಿಕನ್ ನಾಯಕನ ಬಾಯಲ್ಲಿ ಈ ಮಾತನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಧರ್ಮದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಗೊಂದಲ ಹುಟ್ಟುವುದು ಇಲ್ಲೇ. ಕರ್ಕ್ ಬಗೆಯವರಿಗೆ ಧರ್ಮ ಎಂದರೆ ಆನುವಂಶಿಕವಾಗಿ ಬಂದ ಕ್ರಮ. ಪೂಜಾವಿಧಿ, ಪಾದ್ರಿಗಳ ಪರಂಪರೆ, ಹಳೆಯ ಪ್ರಾರ್ಥನೆ, ಸಮಾಧಿಸ್ಥಳ ಎಲ್ಲವೂ ಅದರೊಳಗೆ ಬರುತ್ತವೆ. ಕರ್ಕ್ ಸ್ವತಃ 1964ರಲ್ಲಿ ಕ್ಯಾಥೊಲಿಕ್ ಆದರು. ಇವ್ಯಾಂಜೆಲಿಕಲ್ ಧಾರೆ ಸ್ವಭಾವದಲ್ಲೇ ಇದಕ್ಕೆ ಉಲ್ಟಾ. ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಗುರುತಿಸಿದ ಅದರ ನಾಲ್ಕು ಲಕ್ಷಣಗಳನ್ನೇ ತಜ್ಞರು ಇಂದಿಗೂ ಬಳಸುತ್ತಾರೆ: ಬೈಬಲೇ ಪ್ರಮಾಣ, ಶಿಲುಬೆಯ ಮೇಲಿನ ಬಲಿದಾನವೇ ಕೇಂದ್ರ, ವ್ಯಕ್ತಿ ತಾನೇ ಮನಸ್ಸು ತಿರುಗಿಸಿ ‘ಮರುಹುಟ್ಟು’ ಪಡೆಯಬೇಕು, ನಂಬಿಕೆ ಕ್ರಿಯೆಯಲ್ಲಿ ಕಾಣಬೇಕು. ಅಪ್ಪ ಅಜ್ಜನ ಚರ್ಚು ಯಾವುದಾದರೇನು, ನೀನು ಯೇಸುವನ್ನು ಒಪ್ಪಿಕೊಂಡೆಯಾ ಎಂದು ಕೇಳುವ ಧರ್ಮ ಅದು. ರೂಢಿಯನ್ನು ಪೂಜಿಸುವುದಕ್ಕಿಂತ ಅದನ್ನು ಕೊಡವಿ ಎದ್ದ ಚರಿತ್ರೆ ಅದರದ್ದು. ಎರಡೂ ಒಂದೇ ಪಾಳಯಕ್ಕೆ ಬಂದದ್ದು ದೇವತಾಶಾಸ್ತ್ರದ ಬಲದಿಂದಲ್ಲ, ಸಮಾನ ಎದುರಾಳಿಗಳಿಂದ.

ಮೊದಲ ಎದುರಾಳಿ ಕಮ್ಯುನಿಸಂ. ವಿಲಿಯಂ ಎಫ್. ಬಕ್ಲಿ 1955ರಲ್ಲಿ ಆರಂಭಿಸಿದ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯ ಸುತ್ತ ರೂಢಿವಾದಿಗಳೂ ಮುಕ್ತ ಮಾರುಕಟ್ಟೆಯ ಲಿಬರ್ಟೇರಿಯನ್ನರೂ ಸೇರಿದರು. ಇವರನ್ನು ಹೊಂದಿಸುವ ಸೂತ್ರ ಕೊಟ್ಟವರು ಫ್ರ್ಯಾಂಕ್ ಮೇಯರ್. ಅದಕ್ಕೆ ಬಿದ್ದ ಹೆಸರು ಫ್ಯೂಷನಿಸಂ. ಸದ್ಗುಣ ಮುಖ್ಯ, ಆದರೆ ಬಲವಂತದಿಂದ ಬಂದ ಸದ್ಗುಣ ಸದ್ಗುಣವಲ್ಲ. ಆದ್ದರಿಂದ ಸರ್ಕಾರ ದೂರ ನಿಲ್ಲಲಿ, ನೀತಿ ಕಲಿಸುವ ಕೆಲಸ ಮನೆ ಮತ್ತು ಚರ್ಚಿಗಿರಲಿ. ಕರ್ಕ್‌ಗೆ ಈ ಮದುವೆ ಎಂದೂ ಹಿಡಿಸಲಿಲ್ಲ. 1981ರಲ್ಲೂ ಲಿಬರ್ಟೇರಿಯನ್ನರನ್ನು ಲೇವಡಿ ಮಾಡಿ ಬರೆದರು. ಆದರೂ ಮೂವತ್ತು ವರ್ಷ ಈ ಸೂತ್ರ ಕೆಲಸ ಮಾಡಿತು. ಸೋವಿಯತ್ ಒಕ್ಕೂಟ ಇರುವವರೆಗೂ ಜಗಳಕ್ಕೆ ಪುರಸೊತ್ತಿರಲಿಲ್ಲ ಎನ್ನುವುದೇ ಅದರ ಮುಖ್ಯ ಕಾರಣ ಎಂದರೆ ತಪ್ಪಾಗದು.

ಎರಡನೇ ಎದುರಾಳಿ ಸುಪ್ರೀಂ ಕೋರ್ಟ್. ಸರ್ಕಾರಿ ಶಾಲೆಗಳಲ್ಲಿ ಅಧಿಕೃತ ಪ್ರಾರ್ಥನೆಯನ್ನು 1962ರ ಎಂಗಲ್ ತೀರ್ಪು ನಿಲ್ಲಿಸಿತು. 1973ರ ರೋ ವರ್ಸಸ್ ವೇಡ್ ಗರ್ಭಪಾತಕ್ಕೆ ಸಾಂವಿಧಾನಿಕ ರಕ್ಷಣೆ ಕೊಟ್ಟಿತು. ರೋ ಬಂದ ಮರುದಿನವೇ ಇವ್ಯಾಂಜೆಲಿಕಲ್ಲರು ಬೀದಿಗಿಳಿದರು ಎಂಬ ಕಥೆ ಪ್ರಚಾರದಲ್ಲಿದೆ. ದಾಖಲೆ ಅದಕ್ಕೆ ಹೊಂದುವುದಿಲ್ಲ. ದೇಶದ ಅತಿ ದೊಡ್ಡ ಪ್ರಾಟೆಸ್ಟೆಂಟ್ ಸಂಘಟನೆಯಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1971ರಲ್ಲಿ, ಅತ್ಯಾಚಾರ, ಭ್ರೂಣದ ಗಂಭೀರ ವೈಕಲ್ಯ, ತಾಯಿಯ ದೈಹಿಕ ಮಾನಸಿಕ ಆರೋಗ್ಯಕ್ಕೆ ಅಪಾಯ ಮುಂತಾದ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬರಲಿ ಎಂದೇ ನಿರ್ಣಯ ಮಾಡಿತ್ತು. ಆಗ ಗರ್ಭಪಾತ ವಿರೋಧ ಮುಖ್ಯವಾಗಿ ಕ್ಯಾಥೊಲಿಕರ ಕೆಲಸವಾಗಿತ್ತು.

ದಕ್ಷಿಣದ ಪಾದ್ರಿಗಳನ್ನು ಕೆರಳಿಸಿದ ಇನ್ನೊಂದು ವಿಷಯ ತೆರಿಗೆ. ವರ್ಣಭೇದ ಮಾಡುವ ಖಾಸಗಿ ಶಾಲೆಗಳಿಗೆ ತೆರಿಗೆ ವಿನಾಯಿತಿ ಇಲ್ಲ ಎಂದು 1971ರಲ್ಲಿ ಕೋರ್ಟ್ ಹೇಳಿತು. ಬೇರೆ ಬೇರೆ ವರ್ಣದ ವಿದ್ಯಾರ್ಥಿಗಳು ಪ್ರೇಮಿಸುವುದನ್ನು ನಿಷೇಧಿಸಿದ್ದ ಸೌತ್ ಕ್ಯಾರೊಲೈನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ವಿನಾಯಿತಿಯನ್ನು ತೆರಿಗೆ ಇಲಾಖೆ 1976ರಲ್ಲಿ ಕಿತ್ತುಕೊಂಡಿತು. 1983ರಲ್ಲಿ ಸುಪ್ರೀಂ ಕೋರ್ಟ್ 8–1ರಲ್ಲಿ ಇಲಾಖೆಯ ಪರ ನಿಂತಿತು. ನಡುವೆ 1978ರಲ್ಲಿ ಇಲಾಖೆ ಖಾಸಗಿ ಕ್ರೈಸ್ತ ಶಾಲೆಗಳಿಗೆಲ್ಲ ತಟ್ಟುವಂಥ ಹೊಸ ನಿಯಮದ ಕರಡು ತಂದಾಗ ಪ್ರತಿಭಟನೆಯ ಪತ್ರಗಳ ಮಳೆ ಸುರಿಯಿತು. ಗರ್ಭಪಾತವೋ ಶಾಲೆಯೋ, ಯಾವುದು ನಿಜವಾದ ಕಿಡಿ ಎಂದು ಇತಿಹಾಸಕಾರರು ಇನ್ನೂ ಕಿತ್ತಾಡುತ್ತಾರೆ. ಒಂದನ್ನೇ ಹಿಡಿದು ಇನ್ನೊಂದನ್ನು ಬಿಡುವ ಯಾವ ವಿವರಣೆಯೂ ಪೂರ್ತಿಯಾಗದು.

1979ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ನ ಪಾದ್ರಿ ಜೆರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಕಟ್ಟಿದರು. ಪಾದ್ರಿಗಳ ಕೆಲಸ ಆತ್ಮಗಳನ್ನು ಗೆಲ್ಲುವುದು, ರಾಜಕೀಯವಲ್ಲ ಎಂದು 1965ರಲ್ಲಿ ನಾಗರಿಕ ಹಕ್ಕು ಚಳವಳಿಯ ಪಾದ್ರಿಗಳಿಗೆ ಬೋಧಿಸಿದ್ದೂ ಇದೇ ಫಾಲ್ವೆಲ್. ಸಂಘಟನೆಯ ಹಿಂದಿನ ತಂತ್ರಗಾರ ಪಾಲ್ ವೇರಿಕ್ ಇವ್ಯಾಂಜೆಲಿಕಲ್ ಅಲ್ಲ, ಪೌರಸ್ತ್ಯ ವಿಧಿಯ ಕ್ಯಾಥೊಲಿಕ್. 1980ರ ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ ಸೇರಿದ್ದ ಸಾವಿರಾರು ಪಾದ್ರಿಗಳ ಮುಂದೆ ರೊನಾಲ್ಡ್ ರೇಗನ್, ನೀವು ನನ್ನನ್ನು ಅನುಮೋದಿಸುವ ಹಾಗಿಲ್ಲ, ಆದರೆ ನಾನು ನಿಮ್ಮನ್ನು ಅನುಮೋದಿಸುತ್ತೇನೆ ಎಂಬ ಅರ್ಥದ ಮಾತಾಡಿದರು.

‘ಅನುಮೋದಿಸುವ ಹಾಗಿಲ್ಲ’ ಎನ್ನುವುದು ಸೌಜನ್ಯದ ಮಾತಲ್ಲ, ಕಾನೂನು. ತೆರಿಗೆ ಸಂಹಿತೆಯ 501(ಸಿ)(3) ವಿಧಿಯಡಿ ಚರ್ಚುಗಳಿಗೆ ಆದಾಯ ತೆರಿಗೆ ಇಲ್ಲ, ದಾನಿಗಳಿಗೂ ರಿಯಾಯಿತಿ ಇದೆ. ಇದಕ್ಕೆ 1954ರಲ್ಲಿ ಸೆನೆಟರ್ ಲಿಂಡನ್ ಜಾನ್ಸನ್ ಒಂದು ಷರತ್ತು ಸೇರಿಸಿದರು: ಯಾವ ಅಭ್ಯರ್ಥಿಯ ಚುನಾವಣಾ ಪ್ರಚಾರದಲ್ಲೂ ಕೈಹಾಕಕೂಡದು. ಅಂದರೆ ಗರ್ಭಪಾತ ಪಾಪ ಎಂದು ಬೋಧಿಸಬಹುದು, ಜನಮತಗಣನೆಯಲ್ಲಿ ನಿಲುವು ತಳೆಯಬಹುದು, ಪಕ್ಷಭೇದವಿಲ್ಲದೆ ಮತದಾರರನ್ನು ನೋಂದಾಯಿಸಬಹುದು, ಮಿತಿಯೊಳಗೆ ಶಾಸನದ ಪರ ಲಾಬಿಯನ್ನೂ ಮಾಡಬಹುದು. ಇಂಥವರಿಗೆ ಓಟು ಹಾಕಿ ಎನ್ನುವ ಹಾಗಿಲ್ಲ. ಮೀರಿದವರಲ್ಲಿ ಪ್ರಸಿದ್ಧ ಉದಾಹರಣೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಬಳಿಯ ಚರ್ಚ್ ಅಟ್ ಪಿಯರ್ಸ್ ಕ್ರೀಕ್. 1992ರ ಚುನಾವಣೆಗೆ ನಾಲ್ಕು ದಿನ ಮುಂಚೆ ಬಿಲ್ ಕ್ಲಿಂಟನ್ ವಿರುದ್ಧ ಎರಡು ದೊಡ್ಡ ಪತ್ರಿಕೆಗಳಲ್ಲಿ ಪೂರ್ಣ ಪುಟದ ಜಾಹೀರಾತು ಕೊಟ್ಟಿತು. ಸಾಲದ್ದಕ್ಕೆ, ಈ ಜಾಹೀರಾತಿಗೆ ದೇಣಿಗೆ ಕೊಟ್ಟರೆ ತೆರಿಗೆ ರಿಯಾಯಿತಿ ಇದೆ ಎಂದು ಕೆಳಗೆ ಅಚ್ಚು ಹಾಕಿಸಿತು. 1995ರಲ್ಲಿ ವಿನಾಯಿತಿ ಹೋಯಿತು, 2000ದಲ್ಲಿ ಮೇಲ್ಮನವಿಯೂ ಬಿತ್ತು. ಜಾಣರು ಬೇರೆ ದಾರಿ ಹಿಡಿದರು. ಟಿವಿ ಧರ್ಮಬೋಧಕ ಪ್ಯಾಟ್ ರಾಬರ್ಟ್‌ಸನ್ 1989ರಲ್ಲಿ ಕಟ್ಟಿದ ‘ಕ್ರಿಶ್ಚಿಯನ್ ಕೊಯಲಿಷನ್’ ಚುನಾವಣೆಗೆ ಮುಂಚಿನ ಭಾನುವಾರ ಚರ್ಚುಗಳಲ್ಲಿ ‘ಮತದಾರರ ಕೈಪಿಡಿ’ ಹಂಚುತ್ತಿತ್ತು. ಇಬ್ಬರು ಅಭ್ಯರ್ಥಿಗಳ ಹೆಸರು, ಕೆಲವು ವಿಷಯ, ಪಕ್ಕದಲ್ಲಿ ‘ಪರ’, ‘ವಿರೋಧ’, ಅಷ್ಟೇ. ಓಟು ಯಾರಿಗೆ ಎಂದು ಬರೆಯುವ ಅಗತ್ಯವೇ ಇರಲಿಲ್ಲ. 2025ರ ಜುಲೈಯಲ್ಲಿ ತೆರಿಗೆ ಇಲಾಖೆಯೇ, ಪಾದ್ರಿ ತನ್ನ ಆರಾಧನೆಯ ವೇಳೆ ತನ್ನ ಸಭೆಗೆ ಹೇಳುವ ಮಾತು ಈ ನಿಷೇಧಕ್ಕೆ ಒಳಪಡುವುದಿಲ್ಲ ಎಂಬ ನಿಲುವನ್ನು ಟೆಕ್ಸಸ್‌ನ ಫೆಡರಲ್ ಕೋರ್ಟಿಗೆ ತಿಳಿಸಿತು.

1960ರಲ್ಲಿ ಅಧ್ಯಕ್ಷ ಸ್ಥಾನದ ಕ್ಯಾಥೊಲಿಕ್ ಅಭ್ಯರ್ಥಿ ಜಾನ್ ಕೆನಡಿ ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು, ತಾನು ಪೋಪ್ ಹೇಳಿದ ಹಾಗೆ ಕುಣಿಯುವವನಲ್ಲ ಎಂದು ನಂಬಿಸಬೇಕಾಗಿತ್ತು. 1994ರ ಹೊತ್ತಿಗೆ ಇವ್ಯಾಂಜೆಲಿಕಲ್ ನಾಯಕ ಚಾರ್ಲ್ಸ್ ಕೋಲ್ಸನ್ ಮತ್ತು ಕ್ಯಾಥೊಲಿಕ್ ಪಾದ್ರಿ ರಿಚರ್ಡ್ ಜಾನ್ ನ್ಯೂಹೌಸ್ ಮುಂದಾಳತ್ವದಲ್ಲಿ ಇವ್ಯಾಂಜೆಲಿಕಲ್ ಮತ್ತು ಕ್ಯಾಥೊಲಿಕ್ ಪ್ರಮುಖರು ಜಂಟಿ ಹೇಳಿಕೆಗೆ ಸಹಿ ಹಾಕಿದರು. ಅಲ್ಲಿಂದೀಚೆಗೆ ಕೆಲಸ ಹಂಚಿಕೆಯಾದಂತಾಯಿತು: ಓಟು ಇವ್ಯಾಂಜೆಲಿಕಲ್ಲರದ್ದು, ವಾದ ಮತ್ತು ನ್ಯಾಯಾಧೀಶರು ಕ್ಯಾಥೊಲಿಕರದ್ದು. 2016ರ ಮತಗಟ್ಟೆ ಸಮೀಕ್ಷೆಯಲ್ಲಿ ಬಿಳಿಯ ಇವ್ಯಾಂಜೆಲಿಕಲ್ಲರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಟ್ರಂಪ್ ಪರ ಇದ್ದರು. 2022ರ ಜೂನ್ 24ರಂದು ಡಾಬ್ಸ್ ತೀರ್ಪಿನಲ್ಲಿ ರೋ ರದ್ದು ಮಾಡಿದ ಐವರಲ್ಲಿ ಅಲಿಟೊ, ಥಾಮಸ್, ಕ್ಯಾವನಾ, ಬ್ಯಾರೆಟ್ ನಾಲ್ವರೂ ಕ್ಯಾಥೊಲಿಕರು. ಗೋರ್ಸಚ್ ಕ್ಯಾಥೊಲಿಕ್ ಆಗಿ ಬೆಳೆದವರು. ‘ಬಿಳಿಯ’ ಎಂಬ ವಿಶೇಷಣವನ್ನು ಮಾತ್ರ ಕೈಬಿಡಬಾರದು. ಕಪ್ಪು ಪ್ರಾಟೆಸ್ಟೆಂಟರಲ್ಲಿ ಅನೇಕರು ಬೈಬಲ್ ವಿಷಯದಲ್ಲಿ ಅಷ್ಟೇ ಕಟ್ಟುನಿಟ್ಟು, ಆದರೆ ಬಹುಪಾಲು ಓಟು ಡೆಮಾಕ್ರಟರಿಗೆ. ‘ಕ್ರೈಸ್ತ ಮತಬ್ಯಾಂಕ್’ ಎಂದು ಬರೆಯುವ ವರದಿಗಳು ಎಡವುವುದು ಹೆಚ್ಚಾಗಿ ಇಲ್ಲಿ.

ಡಾಬ್ಸ್ ಗೆಲುವೇ ಬಿರುಕನ್ನು ಹೊರಗೆ ತಂದಿತು. ತೀರ್ಪು ಬಂದ ಆರೇ ವಾರಕ್ಕೆ, ಟ್ರಂಪ್ ಎರಡು ಸಲ ಗೆದ್ದಿದ್ದ ಕ್ಯಾನ್ಸಸ್ ರಾಜ್ಯದಲ್ಲಿ, ರಾಜ್ಯ ಸಂವಿಧಾನದಿಂದ ಗರ್ಭಪಾತದ ಹಕ್ಕನ್ನು ತೆಗೆಯುವ ತಿದ್ದುಪಡಿಯನ್ನು ಶೇ. 59ರಷ್ಟು ಮತದಾರರು ತಿರಸ್ಕರಿಸಿದರು. 2024ರ ರಿಪಬ್ಲಿಕನ್ ಪ್ರಣಾಳಿಕೆ ಹಿಂದಿನ ರಾಷ್ಟ್ರವ್ಯಾಪಿ ನಿರ್ಬಂಧದ ಬೇಡಿಕೆ ಬಿಟ್ಟು ವಿಷಯವನ್ನು ರಾಜ್ಯಗಳಿಗೆ ಒಪ್ಪಿಸಿತು. ಮದುವೆ ಎಂದರೆ ಒಬ್ಬ ಗಂಡು ಒಬ್ಬ ಹೆಣ್ಣು ಎಂಬ ಸಾಲೂ ಮಾಯವಾಯಿತು. ಬರ್ಕ್ ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ: ಜನರ ರೂಢಿ ಬದಲಾದ ಮೇಲೆ ಕೋರ್ಟಿನ ಒಂದು ತೀರ್ಪು ಅದನ್ನು ಹಿಂದಕ್ಕೆ ತರಲಾರದು.

ಸೋಲಿನ ಕಾರಣ ಫ್ಯೂಷನಿಸಂನಲ್ಲೇ ಇದೆ ಎನ್ನುವ ಹೊಸ ಪೀಳಿಗೆ ಈಗ ಬಂದಿದೆ. ನೋಟರ್ ಡೇಮ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಡೆನೀನ್, ಹಾರ್ವರ್ಡ್ ಕಾನೂನು ಶಾಲೆಯ ಏಡ್ರಿಯನ್ ವರ್ಮ್ಯೂಲ್ ಮುಂತಾದವರ ಪ್ರಕಾರ ಕುಟುಂಬವನ್ನೂ ಊರನ್ನೂ ಒಡೆದದ್ದು ಎಡಪಂಥ ಮಾತ್ರವಲ್ಲ, ಮಾರುಕಟ್ಟೆಯೂ ಹೌದು. ಆದ್ದರಿಂದ ಸರ್ಕಾರ ದೂರ ನಿಲ್ಲದೆ ಸಾರ್ವಜನಿಕ ಒಳಿತಿಗಾಗಿ ಅಧಿಕಾರ ಬಳಸಬೇಕು. ಮೇಯರ್ ಕಟ್ಟಿದ ಸೇತುವೆಯ ಒಂದು ಕಂಬವನ್ನೇ ಇವರು ಕೀಳುತ್ತಾರೆ. ಕರ್ಕ್ ಹೆಸರು ಹೇಳಿಕೊಂಡರೂ, ಕೇಂದ್ರದ ಅಧಿಕಾರವನ್ನು ಅನುಮಾನದಿಂದಲೇ ನೋಡಿದ ಕರ್ಕ್ ಇದನ್ನು ಒಪ್ಪುತ್ತಿದ್ದರೇ ಎನ್ನುವುದು ಅನುಮಾನ. ಬೆಂಗಳೂರಿನ ಐಟಿ ಮಂದಿಗೂ ಈ ಬಿರುಕು ತಟ್ಟಿದೆ. 2024ರ ಡಿಸೆಂಬರ್‌ನಲ್ಲಿ ಎಚ್-1ಬಿ ವೀಸಾ ವಿಷಯದಲ್ಲಿ ಟ್ರಂಪ್ ಬೆಂಬಲಿಗರೇ ಇಬ್ಭಾಗವಾದರು: ಒಂದು ಕಡೆ ಮಸ್ಕ್ ಮಾದರಿಯ ಉದ್ಯಮಿಗಳು, ಇನ್ನೊಂದು ಕಡೆ ರಾಷ್ಟ್ರವಾದಿಗಳು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಹೊರಬಿತ್ತು.

2019ರಲ್ಲಿ ಕ್ಯಾಥೊಲಿಕ್ ಆದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಈ ಹೊಸ ಧಾರೆಗೆ ಹತ್ತಿರದವರು. 2025ರ ಜನವರಿ ಕೊನೆಗೆ ವಲಸೆ ನೀತಿಯನ್ನು ಸಮರ್ಥಿಸುತ್ತ, ಮೊದಲು ಕುಟುಂಬ, ಆಮೇಲೆ ನೆರೆಹೊರೆ, ಆಮೇಲೆ ಊರು, ದೇಶ, ಕೊನೆಗೆ ಉಳಿದ ಜಗತ್ತು ಎಂಬ ಪ್ರೀತಿಯ ಅನುಕ್ರಮ ಕ್ರೈಸ್ತರದ್ದೇ ಹಳೆಯ ವಿಚಾರ ಎಂದರು. ‘ಆರ್ಡೊ ಅಮೋರಿಸ್’ ಎಂಬ ಹೆಸರಿನ ಈ ವಿಚಾರ ಹಳೆಯ ಕ್ರೈಸ್ತ ಚಿಂತಕರಾದ ಅಗಸ್ಟೀನ್, ಅಕ್ವೈನಸ್ ಕಾಲದ್ದು, ಬರ್ಕ್‌ಗೂ ಒಗ್ಗುವಂಥದ್ದು. ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪ್‌ಗಳಿಗೆ ಬರೆದ ಪತ್ರದಲ್ಲಿ ವ್ಯಾನ್ಸ್ ಹೆಸರು ಎತ್ತದೆ, ನಿಜವಾದ ಆರ್ಡೊ ಅಮೋರಿಸ್ ತಿಳಿಯಬೇಕಾದರೆ ಬೈಬಲಿನ ಒಳ್ಳೆಯ ಸಮಾರ್ಯನ ದೃಷ್ಟಾಂತ ಕಥೆಯನ್ನು ಧ್ಯಾನಿಸಿ ಎಂದರು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಎತ್ತಿದವನು ಆ ಕಥೆಯಲ್ಲಿ ಅವನ ಕುಲದವನಲ್ಲ, ಪರಕೀಯ. ತಿಂಗಳ ಕೊನೆಗೆ ವಾಷಿಂಗ್ಟನ್‌ನಲ್ಲಿ ಕ್ಯಾಥೊಲಿಕರ ಪ್ರಾರ್ಥನಾ ಕೂಟದಲ್ಲಿ ವ್ಯಾನ್ಸ್, ಈ ಧರ್ಮದಲ್ಲಿ ತಾನಿನ್ನೂ ಎಳೆಕೂಸು ಎಂದು ಒಪ್ಪಿಕೊಂಡರು. ವಲಸೆ ನೀತಿ ಬದಲಾಗಲಿಲ್ಲ.