ಎಲ್ಲ ಆಲ್ಬಮ್‌ಗಳೂ ಶುಕ್ರವಾರವೇ ಯಾಕೆ ಬರುತ್ತವೆ?

2024ರ ಆಗಸ್ಟ್ 23, ಶುಕ್ರವಾರ. ಐರ್ಲೆಂಡಿನ ಫಾಂಟೇನ್ಸ್ ಡಿ.ಸಿ. ತಂಡದ ‘ರೊಮಾನ್ಸ್’ ಅವತ್ತು ಬಂತು. ಮ್ಯಾಗ್ಡಲೀನಾ ಬೇ ಜೋಡಿಯ ‘ಇಮ್ಯಾಜಿನಲ್ ಡಿಸ್ಕ್’ ಕೂಡ ಅವತ್ತೇ. ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಹಾಡಿದ ‘ವುಡ್‌ಲ್ಯಾಂಡ್’ ಸಹ ಅವತ್ತೇ. ಈ ಮೂರೂ ಇಂಡೀ ಆಲ್ಬಮ್‌ಗಳು. ಅಂದರೆ ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು ದೊಡ್ಡ ಸಂಗೀತ ಕಂಪನಿಗಳಿಗೆ ಸೇರದ ಲೇಬಲ್‌ಗಳಿಂದ (ಆಲ್ಬಮ್ ಹೊರತರುವ ಸಂಸ್ಥೆಗಳಿಂದ) ಬಂದವು. ಸಾಲದು ಅಂತ ಪಾಪ್ ತಾರೆ ಸಬ್ರಿನಾ ಕಾರ್ಪೆಂಟರ್ ಅವರ ‘ಶಾರ್ಟ್ ಎನ್ ಸ್ವೀಟ್’ ಕೂಡ ಅದೇ ದಿನ ಬಂದು ಎಲ್ಲರ ಗಮನವನ್ನೂ ಬಾಚಿಕೊಂಡಿತು.

ಇಂಥ ವಾರ ಬಂತೆಂದರೆ ಇಂಡೀ ಕೇಳುಗರ ನಡುವೆ ವಾದ ಶುರು. ಯಾವುದನ್ನು ಮೊದಲು ಕೇಳಬೇಕು? ಯಾವುದು ಸುಮ್ನೆ ಹೈಪು? ಇಷ್ಟೆಲ್ಲ ಒಂದೇ ದಿನ ಬಿಟ್ಟರೆ ಸಣ್ಣ ತಂಡದ ಗತಿ ಏನು? ಒಬ್ಬರು ಇದು ಹಬ್ಬ ಅನ್ನುತ್ತಾರೆ. ಇನ್ನೊಬ್ಬರು ಇದು ಕೊಲೆ ಅನ್ನುತ್ತಾರೆ. ವಾದ ಕೊನೆಗೆ ನಿಲ್ಲುವುದು ಒಂದು ಪ್ರಶ್ನೆಯಲ್ಲಿ: ಇವರೆಲ್ಲ ಬೇರೆ ಬೇರೆ ದಿನ ಬರಬಾರದಿತ್ತಾ?

ಬರುತ್ತಿದ್ದರು. ಬಹಳ ಹಿಂದೆಯೂ ಅಲ್ಲ.

ಅಮೆರಿಕದಲ್ಲಿ 1980ರ ದಶಕದ ಕೊನೆಯವರೆಗೂ ಬಿಡುಗಡೆಗೆ ಇಂಥದ್ದೇ ದಿನ ಅಂತ ಬಿಗಿಯಾದ ಕಟ್ಟುಪಾಡು ಇರಲಿಲ್ಲ. ಲಾರಿ ಬಂದಾಗ ಡಬ್ಬ ಬಿಚ್ಚುವುದು, ಮಾರುವುದು. ಪಕ್ಕದ ಬೀದಿಯ ಅಂಗಡಿಗೆ ಒಂದು ದಿನ ಮೊದಲೇ ಮಾಲು ಸಿಕ್ಕರೆ ಈ ಅಂಗಡಿಯವನಿಗೆ ನಷ್ಟ. ಈ ಕಿತ್ತಾಟ ತಪ್ಪಿಸಲು 1989ರಲ್ಲಿ ಮಂಗಳವಾರ ಅಂತ ಗೊತ್ತು ಮಾಡಿದರು. ಸೋಮವಾರ ಎಲ್ಲರಿಗೂ ಮಾಲು ತಲುಪಿರುತ್ತದೆ, ಮಂಗಳವಾರ ಎಲ್ಲರೂ ಒಟ್ಟಿಗೆ ಮಾರಲಿ ಅನ್ನುವ ಲೆಕ್ಕ. ಬ್ರಿಟನ್ನಿನಲ್ಲಿ ಸೋಮವಾರ. ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಶುಕ್ರವಾರ. ಜಪಾನಿನಲ್ಲಿ ಬುಧವಾರ, ಅಲ್ಲಿನ ಸ್ಥಳೀಯ ಸಂಗೀತಕ್ಕೆ ಈಗಲೂ ಅದೇ.

ಹಾಗಂತ ಆಗ ನೂಕುನುಗ್ಗಲು ಇರಲಿಲ್ಲ ಅಂತಲ್ಲ. 1991ರ ಸೆಪ್ಟೆಂಬರ್‌ನ ಒಂದು ವಾರವನ್ನೇ ನೋಡಿ. 23ರ ಸೋಮವಾರ ಬ್ರಿಟನ್ನಿನಲ್ಲಿ ಪ್ರೈಮಲ್ ಸ್ಕ್ರೀಮ್ ತಂಡದ ‘ಸ್ಕ್ರೀಮಡೆಲಿಕಾ’ ಬಂತು. ಪಿಕ್ಸೀಸ್ ತಂಡದ ‘ಟ್ರೋಂಪ್ ಲ ಮೋಂದ್’ ಸಹ ಬಂತು. ಮರುದಿನ ಅಮೆರಿಕದಲ್ಲಿ ನಿರ್ವಾಣಾದ ‘ನೆವರ್‌ಮೈಂಡ್’, ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ‘ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್’, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ‘ದಿ ಲೋ ಎಂಡ್ ಥಿಯರಿ’. ಇವತ್ತು ಇಂಥ ವಾರ ಬಂದರೆ ಕೇಳುಗರಿಗೆ ನಿದ್ದೆಯೇ ಇರುವುದಿಲ್ಲ.

ಆದರೆ ಆಮೇಲೆ ಏನಾಯಿತು ಅನ್ನುವುದು ಮುಖ್ಯ. ‘ನೆವರ್‌ಮೈಂಡ್’ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಮಾರಾಟ ಪಟ್ಟಿಗೆ ಬಂದಿದ್ದು 144ನೇ ಸ್ಥಾನಕ್ಕೆ. ಯಾರೂ ಅದನ್ನು ಸೋಲು ಅನ್ನಲಿಲ್ಲ. ರೇಡಿಯೋದವರು ಹಾಡು ಹಾಕಿದರು, ಎಂಟಿವಿ ವಿಡಿಯೋ ತೋರಿಸಿತು, ಹುಡುಗರು ಹುಡುಗರಿಗೆ ಹೇಳಿದರು. 1992ರ ಜನವರಿಯಲ್ಲಿ ಅದು ಮೈಕಲ್ ಜಾಕ್ಸನ್‌ನ ಆಲ್ಬಮನ್ನು ಕೆಳಗಿಳಿಸಿ ಒಂದನೇ ಸ್ಥಾನಕ್ಕೆ ಏರಿತು. ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ಅಂಗಡಿಯ ಕಪಾಟಿನಲ್ಲಿ ಅದಕ್ಕೆ ಜಾಗ ಇತ್ತು. ನನ್ನ ಪ್ರಕಾರ ಈ ಇಡೀ ವಾದದ ತಿರುಳು ಇಲ್ಲೇ ಇದೆ. ಅವತ್ತಿನ ವಾರವೂ ಕಿಕ್ಕಿರಿದಿತ್ತು, ಆದರೆ ಅದರ ನಂತರದ ವಾರಗಳಲ್ಲೂ ಆಲ್ಬಮ್‌ಗೆ ಜಾಗ ಇರುತ್ತಿತ್ತು.

ಇಂಟರ್ನೆಟ್ ಬಂದ ಮೇಲೆ ದೇಶಕ್ಕೊಂದು ದಿನ ಅನ್ನುವ ಪದ್ಧತಿ ನಗೆಪಾಟಲಾಯಿತು. ಶುಕ್ರವಾರ ಆಸ್ಟ್ರೇಲಿಯಾದಲ್ಲಿ ಬಿಟ್ಟ ಆಲ್ಬಮ್ ಶನಿವಾರದ ಹೊತ್ತಿಗೆ ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತಿತ್ತು. ಅಮೆರಿಕದವನು ಮಂಗಳವಾರದ ತನಕ ಕಾಯಬೇಕು ಅಂದರೆ ಯಾಕೆ ಕಾಯುತ್ತಾನೆ? ಕಲಾವಿದರೂ ಕ್ಯಾಲೆಂಡರನ್ನು ಬದಿಗಿಡತೊಡಗಿದರು. 2007ರ ಅಕ್ಟೋಬರ್ 10ರಂದು ರೇಡಿಯೋಹೆಡ್ ತಂಡ ಹೊಸ ಆಲ್ಬಮನ್ನು ತನ್ನದೇ ವೆಬ್‌ಸೈಟಿನಲ್ಲಿ ಬಿಟ್ಟಿತು. ಸುದ್ದಿ ಕೊಟ್ಟಿದ್ದು ಬರೀ ಹತ್ತು ದಿನ ಮೊದಲು. ನಿಮಗೆ ತೋಚಿದಷ್ಟು ದುಡ್ಡು ಕೊಡಿ ಅಂದಿತು. 2013ರ ಡಿಸೆಂಬರ್ 13ರಂದು ಬಿಯಾನ್ಸೆ ಒಂದು ಮಾತೂ ಹೇಳದೆ ಇಡೀ ಆಲ್ಬಮನ್ನು ಐಟ್ಯೂನ್ಸ್‌ಗೆ ಹಾಕಿಬಿಟ್ಟರು. ಅದೂ ಶುಕ್ರವಾರ.

2015ರ ಫೆಬ್ರವರಿಯಲ್ಲಿ ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಪಿಐ ತನ್ನ ನಿರ್ಧಾರ ತಿಳಿಸಿತು. ಜುಲೈ 10ರಿಂದ ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಹೊಸ ಸಂಗೀತ ಶುಕ್ರವಾರವೇ ಬರಬೇಕು, ಆಯಾ ಊರಿನ ಮಧ್ಯರಾತ್ರಿಗೆ. ಕಳ್ಳ ಪ್ರತಿಗಳಿಗೆ ತಡೆ ಬೀಳುತ್ತದೆ, ವಾರಾಂತ್ಯಕ್ಕೆ ಜನ ಕೈಬಿಚ್ಚಿ ಖರ್ಚು ಮಾಡುತ್ತಾರೆ ಅನ್ನುವುದು ಕಾರಣ.

ಇಂಡೀ ವಲಯದ ಹಲವರು ಆಗಲೇ ಬೇಡ ಅಂತ ತಲೆ ಅಲ್ಲಾಡಿಸಿದರು. ಅವರಲ್ಲಿ ಜೋರಾಗಿ ಕೇಳಿಸಿದ ದನಿ ಮಾರ್ಟಿನ್ ಮಿಲ್ಸ್ ಅವರದು. 4ಎಡಿ, ಎಕ್ಸ್ಎಲ್, ಮ್ಯಾಟಡಾರ್‌ನಂಥ ಲೇಬಲ್‌ಗಳಿರುವ ಬೆಗ್ಗರ್ಸ್ ಗ್ರೂಪಿನ ಮುಖ್ಯಸ್ಥ. ಹೀಗೆ ಮಾಡಿದರೆ ಮಾರುಕಟ್ಟೆಯನ್ನು ದೊಡ್ಡವರೇ ಆಳುತ್ತಾರೆ, ಸಣ್ಣ ಸಂಗೀತ ಮೂಲೆಗೆ ಬೀಳುತ್ತದೆ, ಆದರೆ ಇವತ್ತಿನ ಸಣ್ಣದೇ ನಾಳೆ ದೊಡ್ಡದಾಗುವುದು ಅಂತ ಅವರು ಎಚ್ಚರಿಸಿದ್ದರು. ಸುಮ್ನೆ ಆಡಿದ ಮಾತಲ್ಲ. ಅಡೆಲ್ ಎಂಬ ಹೊಸ ಹುಡುಗಿಯ ಮೊದಲ ಆಲ್ಬಮನ್ನು 2008ರಲ್ಲಿ ತಂದಿದ್ದು ಅವರ ಎಕ್ಸ್ಎಲ್ ಲೇಬಲ್ಲೇ.

ಅಂಗಡಿಯವರ ಚಿಂತೆ ಇನ್ನೂ ಸರಳ. ಮಂಗಳವಾರ ಹೊಸ ಮಾಲು ಬಂದರೆ ವಾರದ ನಡುವೆಯೂ ಗಿರಾಕಿ ಬರುತ್ತಾರೆ. ಒಂದು ಆಲ್ಬಮ್ ಬೇಗ ಖಾಲಿಯಾದರೆ ಶನಿವಾರದ ಹೊತ್ತಿಗೆ ಮತ್ತೆ ತರಿಸಬಹುದು. ಶುಕ್ರವಾರ ಬಂದಿದ್ದು ಶನಿವಾರ ಮುಗಿದರೆ? ಗೋದಾಮಿಗೆ ರಜೆ. ಭಾನುವಾರ ಕಪಾಟು ಬರಿದು.

ಮಿಲ್ಸ್ ಹೇಳಿದ್ದು ಅರ್ಧ ನಿಜವಾಯಿತು ಅನ್ನಿಸುತ್ತದೆ. ದಿನ ಒಂದಾಗಿದ್ದರಿಂದಲೇ ಎಲ್ಲ ಕೆಟ್ಟಿತು ಅನ್ನಲಾಗದು. ಆ ದಿನದ ಸುತ್ತ ಬೆಳೆದ ಏರ್ಪಾಡು ಜಾಸ್ತಿ ಪೆಟ್ಟು ಕೊಟ್ಟಿತು. ಬಿಲ್‌ಬೋರ್ಡ್ ತನ್ನ ಲೆಕ್ಕದ ವಾರವನ್ನು ಶುಕ್ರವಾರದಿಂದ ಗುರುವಾರಕ್ಕೆ ಬದಲಿಸಿತು. ಈಗ ಬುಧವಾರ ಬಂದರೆ ಎರಡು ದಿನದ ಮಾರಾಟವಷ್ಟೇ ಮೊದಲ ವಾರದ ಲೆಕ್ಕಕ್ಕೆ ಸಿಗುತ್ತದೆ. ಸ್ಪಾಟಿಫೈನ ‘ನ್ಯೂ ಮ್ಯೂಸಿಕ್ ಫ್ರೈಡೇ’ ಪಟ್ಟಿ ಬದಲಾಗುವುದೂ ಶುಕ್ರವಾರ, ಪ್ರತಿ ಕೇಳುಗನಿಗೆ ಬೇರೆ ಬೇರೆಯಾಗಿ ಬರುವ ‘ರಿಲೀಸ್ ರಡಾರ್’ ಬದಲಾಗುವುದೂ ಶುಕ್ರವಾರ. ಮುಂದಿನ ಶುಕ್ರವಾರ ಬಂದರೆ ಹಿಂದಿನದು ಹಳತು. ಹರಿದು ಬರುವ ಹಾಡುಗಳ ರಾಶಿಯೂ ಏರುತ್ತಲೇ ಹೋಯಿತು. 2019ರಲ್ಲಿ ಸ್ಪಾಟಿಫೈಗೆ ದಿನಕ್ಕೆ ಸುಮಾರು 40,000 ಹಾಡು ಸೇರುತ್ತಿದ್ದವು. 2022ರ ಹೊತ್ತಿಗೆ ಸ್ಟ್ರೀಮಿಂಗ್ ತಾಣಗಳಿಗೆ ದಿನಕ್ಕೆ 1 ಲಕ್ಷ ಅಂತ ದೊಡ್ಡ ಕಂಪನಿಗಳ ಮುಖ್ಯಸ್ಥರೇ ಹೇಳತೊಡಗಿದರು.

ಹಾಗಾದರೆ ಶುಕ್ರವಾರ ಇರಲಿ, ಬೇರೆ ವಾರ ಬರಬಹುದಲ್ವಾ? ವರ್ಷದಲ್ಲಿ 52 ಇವೆ. ಆದರೆ ಇಂಡೀ ತಂಡಕ್ಕೆ ಅಷ್ಟೂ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಬಂದರೆ ವಿಮರ್ಶಕರ ವರ್ಷದ ಪಟ್ಟಿ ಆಗಲೇ ಮುಗಿದಿರುತ್ತದೆ. ಕ್ರಿಸ್‌ಮಸ್ ಮುಂಚಿನ ವಾರಗಳು ದೊಡ್ಡವರ ಪಾಲು. ಹೀಗಾಗಿ ವಸಂತದಲ್ಲಿ ಒಂದು ಗುಂಪು, ಬೇಸಿಗೆ ಮುಗಿಯುವಾಗ ಇನ್ನೊಂದು. 2024ರ ಆಗಸ್ಟ್ ತುಂಬಿದ್ದಕ್ಕೆ ಗ್ರ್ಯಾಮಿ ಪ್ರಶಸ್ತಿಯ ಲೆಕ್ಕಕ್ಕೆ ಸೇರಲು ಆಲ್ಬಮ್ ಬರಬೇಕಾದ ಗಡುವು ಆಗಸ್ಟ್ 30 ಆಗಿದ್ದೂ ಒಂದಷ್ಟು ಕಾರಣ ಇದ್ದೀತು.

ವಿನೈಲ್, ಅಂದರೆ ಗ್ರಾಮಫೋನ್ ತಟ್ಟೆ, ಇನ್ನೊಂದು ತಲೆನೋವು. ಇಂಡೀ ತಂಡದ ಸಂಪಾದನೆಯಲ್ಲಿ ವಿನೈಲ್ ತಟ್ಟೆಗೆ ದೊಡ್ಡ ಪಾಲು. ಅದು ಕಾರ್ಖಾನೆಯಿಂದ ಯಾವಾಗ ಬರುತ್ತದೆ ಅಂತ ತಿಳಿಯದೆ ಬಿಡುಗಡೆ ದಿನ ಗೊತ್ತು ಮಾಡುವುದು ಕಷ್ಟ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿ ಅಪೋಲೋ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಯಿತು. ತಟ್ಟೆಯ ಅಚ್ಚು ತೆಗೆಯಲು ಬೇಕಾದ ಲ್ಯಾಕರ್ ತಯಾರಿಸುತ್ತಿದ್ದ ಎರಡೇ ಎರಡು ಕಂಪನಿಗಳಲ್ಲಿ ಅದೊಂದು. ಇನ್ನೊಂದು ಜಪಾನಿನಲ್ಲಿ. ಹಿಂದೆಯೇ ಕೋವಿಡ್ ಬಂತು, ವಿನೈಲ್ ಬೇಡಿಕೆ ಏರಿತು, ಕಾರ್ಖಾನೆಗಳ ಮುಂದೆ ತಿಂಗಳುಗಟ್ಟಲೆ ಸರದಿ. ಆಗ ಎಷ್ಟೋ ಲೇಬಲ್‌ಗಳು ತಮಗೆ ಬೇಕಾದ ದಿನ ಆರಿಸಲಿಲ್ಲ, ಕಾರ್ಖಾನೆ ಕೊಟ್ಟ ದಿನ ಒಪ್ಪಿಕೊಂಡವು.

ವಿಚಿತ್ರ ನೋಡಿ, ಅದೇ ವರ್ಷ ಇಂಡೀ ಕಲಾವಿದರಿಗೆ ಕೈಹಿಡಿದ ದಿನವೂ ಶುಕ್ರವಾರವೇ. 2020ರ ಮಾರ್ಚ್ 20ರಂದು, ಕಲಾವಿದರು ಕೇಳುಗರಿಗೆ ನೇರವಾಗಿ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ತಾಣ ಒಂದು ದಿನದ ಮಟ್ಟಿಗೆ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಸಾಮಾನ್ಯವಾಗಿ ಡಿಜಿಟಲ್ ಮಾರಾಟದಲ್ಲಿ ಅದು ಶೇ. 15 ತೆಗೆದುಕೊಳ್ಳುತ್ತದೆ. ಅವತ್ತು ಕೇಳುಗರು 43 ಲಕ್ಷ ಡಾಲರ್ ಖರ್ಚು ಮಾಡಿದರು. ಆಮೇಲೆ ಅದು ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ಆಗಿ ಮುಂದುವರಿಯಿತು. ಅವತ್ತೇ ಬಿಟ್ಟರೆ ಲಾಭ ಅಂತ ಇನ್ನಷ್ಟು ಜನ ಅದೇ ಶುಕ್ರವಾರಕ್ಕೆ ಬಂದು ಸೇರಿದರು.

ನಮ್ಮಲ್ಲಿ ಶುಕ್ರವಾರ ಅಂದರೆ ಮೊದಲಿಂದಲೂ ಸಿನಿಮಾ. ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರ ಫೆಬ್ರವರಿಯಲ್ಲಿ. ಈಗ ಬೆಂಗಳೂರಿನ ಕೇಳುಗನಿಗೂ ಆಲ್ಬಮ್ ಅದೇ ಮಧ್ಯರಾತ್ರಿ ಸಿಗುತ್ತದೆ, ಗಡಿಯಾರದ ಲೆಕ್ಕದಲ್ಲಿ ಲಂಡನ್ನಿಗಿಂತ ಮೊದಲೇ. ಆದರೆ ಇಲ್ಲಿನ ಸ್ವತಂತ್ರ ತಂಡಗಳು ಹೆಣಗುವುದು ಬೇರೆ ಇಂಡೀ ಆಲ್ಬಮ್‌ಗಳ ಜೊತೆ ಅಲ್ಲ, ಸಿನಿಮಾ ಹಾಡುಗಳ ಜೊತೆ. ಹಾಗಾಗಿ ಈ ಜಗಳ ನಮ್ಮೂರಲ್ಲಿ ಇನ್ನೂ ಅಷ್ಟು ಬಿಸಿಯಾಗಿಲ್ಲ.

ಆಗಸ್ಟ್ 23ರ ಕತೆ ಹೀಗೆ ಮುಗಿಯಿತು. ‘ರೊಮಾನ್ಸ್’ ಬ್ರಿಟನ್ ಪಟ್ಟಿಯಲ್ಲಿ ಸಬ್ರಿನಾ ಹಿಂದೆ ಎರಡನೇ ಸ್ಥಾನಕ್ಕೆ ನಿಂತಿತು. ಅದನ್ನು ತಂದಿದ್ದೂ ಮಿಲ್ಸ್ ಅವರ ಎಕ್ಸ್ಎಲ್ ಲೇಬಲ್. ವೆಲ್ಚ್ ಮತ್ತು ರಾಲಿಂಗ್ಸ್ ತಮ್ಮದೇ ಪುಟ್ಟ ಲೇಬಲ್ಲಿನಿಂದ ತಂದ ‘ವುಡ್‌ಲ್ಯಾಂಡ್’ ಮುಂದಿನ ಫೆಬ್ರವರಿಯಲ್ಲಿ ಗ್ರ್ಯಾಮಿ ಪಡೆಯಿತು. ‘ಇಮ್ಯಾಜಿನಲ್ ಡಿಸ್ಕ್’ ಬಾಯಿಂದ ಬಾಯಿಗೆ ಹರಡಿ ವರ್ಷದ ಕೊನೆಯ ಪಟ್ಟಿಗಳಿಗೆ ಬಂತು. ಮೂವರಲ್ಲಿ ಇಬ್ಬರನ್ನು ಕೈಹಿಡಿದಿದ್ದು ಆ ಶುಕ್ರವಾರ ಅಲ್ಲ, ಆಮೇಲಿನ ತಿಂಗಳುಗಳು.

ಅದೇ ವರ್ಷದ ಮಾರ್ಚ್ 29 ಕೂಡ ಶುಕ್ರವಾರ. ಬಿಯಾನ್ಸೆ ಅವರ ‘ಕೌಬಾಯ್ ಕಾರ್ಟರ್’ ಬಂದ ದಿನ. ಸಿಂಡಿ ಲೀ ಎಂಬ ಹೆಸರಿನಲ್ಲಿ ಕೆನಡಾದ ಕಲಾವಿದರೊಬ್ಬರು ಅವತ್ತೇ ‘ಡೈಮಂಡ್ ಜುಬಿಲಿ’ ಬಿಟ್ಟರು. 32 ಹಾಡು, ಎರಡು ಗಂಟೆ. ಸ್ಪಾಟಿಫೈಗೆ ಹಾಕಲಿಲ್ಲ. ಯೂಟ್ಯೂಬಿನಲ್ಲಿ ಒಂದೇ ಉದ್ದದ ವಿಡಿಯೋ, ಜೊತೆಗೆ ಹಳೇ ಕಾಲದ ಥರದ ವೆಬ್‌ಪುಟದಲ್ಲಿ ಡೌನ್‌ಲೋಡ್, ಮನಸ್ಸಿದ್ದರೆ 30 ಕೆನಡಾ ಡಾಲರ್ ಕಳಿಸಿ ಅಂತ ಕೋರಿಕೆ. ಮೊದಲ ವಾರದ ಲೆಕ್ಕ, ಪಟ್ಟಿಯ ಸ್ಥಾನ ಯಾವುದೂ ಇಲ್ಲ. ಏಪ್ರಿಲ್‌ನಲ್ಲಿ ಸಂಗೀತ ವಿಮರ್ಶೆಯ ತಾಣ ಪಿಚ್‌ಫೋರ್ಕ್ ಅದಕ್ಕೆ ಹತ್ತಕ್ಕೆ 9.1 ಕೊಟ್ಟಿತು. ಆ ಶುಕ್ರವಾರ ಅದನ್ನು ಕೇಳದೆ ಬಿಟ್ಟವರು ಆಗ ಹುಡುಕಿಕೊಂಡು ಹೋದರು.