ಕತ್ತರಿಸಿದ ಸದ್ದು, ಜೋಡಿಸಿದ ನಗು

1956ರ ಬೇಸಿಗೆಯಲ್ಲಿ ಅಮೆರಿಕದ ರೇಡಿಯೊಗಳಲ್ಲಿ ಒಂದು ವಿಚಿತ್ರ ರೆಕಾರ್ಡ್ ಓಡಲು ಶುರುವಾಯಿತು. ಹಾರುವ ತಟ್ಟೆಯೊಂದು ಇಳಿದಿದೆ ಎಂದು ವರದಿಗಾರ ಗಾಬರಿಯಲ್ಲಿ ಸುದ್ದಿ ಕೊಡುತ್ತಾನೆ. ಕಂಡವರನ್ನೆಲ್ಲ ಮಾತಾಡಿಸುತ್ತಾನೆ. ಅವರ ಉತ್ತರಗಳೆಲ್ಲ ಆ ಕಾಲದ ಜನಪ್ರಿಯ ಹಾಡುಗಳಿಂದ ಕತ್ತರಿಸಿದ ತುಣುಕುಗಳು. ಒಂದು ಕಡೆ ಎಲ್ವಿಸ್ ಪ್ರೀಸ್ಲಿಯ ಅರ್ಧ ಸಾಲು, ಇನ್ನೊಂದು ಕಡೆ ಲಿಟಲ್ ರಿಚರ್ಡ್‌ನ ಒಂದು ಕೂಗು. ಬಿಲ್ ಬ್ಯುಕ್ಯಾನನ್ ಮತ್ತು ಡಿಕ್ಕಿ ಗುಡ್‌ಮನ್ ಎಂಬ ಇಬ್ಬರು ಟೇಪ್ ಕತ್ತರಿಸಿ ಮಾಡಿದ ಈ ರೆಕಾರ್ಡ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಹಾಡುಗಳ ಹಕ್ಕುದಾರರು ಕೇಸು ಹಾಕಿದರು. ರಾಯಲ್ಟಿಯ ಮಾತುಕತೆಯೂ ನಡೆಯಿತು. ಆದರೆ ಇವರ ಕೆಲಸವನ್ನು ನಿಲ್ಲಿಸಲು ನ್ಯಾಯಾಲಯ ಒಪ್ಪಲಿಲ್ಲ. ಇದು ಅಣಕ, ಹೊಸ ಕೃತಿ ಎಂದು ಹೇಳಿತು.

ಜನ ಯಾಕೆ ನಕ್ಕರು? ಆ ಹಾಡುಗಳೆಲ್ಲ ಅವರ ಬಾಯಲ್ಲೇ ಇದ್ದವು. ಅರ್ಧ ಸೆಕೆಂಡ್ ಕೇಳಿದರೂ ಯಾವ ಹಾಡು ಅಂತ ಗೊತ್ತಾಗುತ್ತಿತ್ತು. ಗೊತ್ತಿರುವ ದನಿ ಗೊತ್ತಿಲ್ಲದ ಜಾಗದಲ್ಲಿ ಕೇಳಿಸಿದಾಗ ನಗು ಬರುತ್ತದೆ. ಈ ಕಲೆಯ ಬಂಡವಾಳವೇ ಅದು. ಹಾಗಾಗಿ ಒಂದೇ ತರಹದ ಸದ್ದುಗಳನ್ನು ಕೇಳಿಕೊಂಡು ಬೆಳೆದ ಜನರಿರುವ ಸಣ್ಣ ಜಾಗ ಇದಕ್ಕೆ ತುಂಬಾ ಒಳ್ಳೆಯದು. ಕೊಡಗು ಅಂಥ ಜಾಗ. ವಾಲಗದ ಮೊದಲ ಏಟು ಬಿದ್ದರೆ ಸಾಕು, ಕುಶಾಲನಗರದಿಂದ ಕುಟ್ಟದವರೆಗೆ ಯಾರಿಗೂ ವಿವರಣೆ ಬೇಕಿಲ್ಲ. ಇಲ್ಲಿನ ಹುಡುಗರು, ಹುಡುಗಿಯರು, ನಿವೃತ್ತ ಮೇಷ್ಟ್ರುಗಳು, ಯಾರಾದರೂ ಸರಿ, ಫೋನ್ ಹಿಡಿದು ಈ ಆಟ ಆಡಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ಮೊದಲು ಈ ಕೆಲಸ ಎಲ್ಲಿಂದ ಬಂತು ಅಂತ ನೋಡೋಣ.

ಧ್ವನಿಮುದ್ರಣ ಹುಟ್ಟಿದ ಎಷ್ಟೋ ವರ್ಷಗಳವರೆಗೆ ಸದ್ದನ್ನು ಕತ್ತರಿಸಲು ಆಗುತ್ತಿರಲಿಲ್ಲ. 1902ರಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದಾಗ ಆಕೆ ಮೂರು ನಿಮಿಷದ ಆಸುಪಾಸಿನಲ್ಲಿ ಒಂದೇ ಉಸಿರಿಗೆ ಹಾಡಿ ಮುಗಿಸಬೇಕಿತ್ತು. ಕೊನೆಗೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಪ್ಪಾದರೆ ಮತ್ತೆ ಮೊದಲಿಂದ. ಮೇಣದ ತಟ್ಟೆಯ ಮೇಲೆ ಕೊರೆದ ಗೆರೆಯನ್ನು ತುಂಡು ಮಾಡಿ ಇನ್ನೊಂದಕ್ಕೆ ಅಂಟಿಸುವುದು ಹೇಗೆ? ಈ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡರು.

ಅದೇ 1930ರಲ್ಲಿ ಬರ್ಲಿನ್‌ನಲ್ಲಿ ಸಿನಿಮಾ ನಿರ್ದೇಶಕ ವಾಲ್ಟರ್ ರುಟ್ಮನ್ ಒಂದು ಉಪಾಯ ಕಂಡುಕೊಂಡ. ಆಗ ತಾನೇ ಮಾತಾಡುವ ಸಿನಿಮಾ ಬಂದಿತ್ತು. ಫಿಲ್ಮಿನ ಅಂಚಿನಲ್ಲಿ ಸದ್ದು ಬೆಳಕಿನ ಗೆರೆಯಾಗಿ ಅಚ್ಚಾಗುತ್ತಿತ್ತು. ಫಿಲ್ಮನ್ನು ಕತ್ತರಿಸಬಹುದು, ಅಂಟಿಸಬಹುದು. ಚಿತ್ರವೇ ಇಲ್ಲದ, ಬರೀ ಸದ್ದಿನ ಹನ್ನೊಂದು ನಿಮಿಷದ ಸಿನಿಮಾ ಮಾಡಿ ರೇಡಿಯೊದಲ್ಲಿ ಕೇಳಿಸಿದ. ಗರಗಸ, ಟೈಪ್‌ರೈಟರ್, ಮಕ್ಕಳ ಪಾಠ, ಫೋನಿನ ಮಾತು, ಎಲ್ಲ ಒಂದರ ಹಿಂದೆ ಒಂದು. 1948ರಲ್ಲಿ ಪ್ಯಾರಿಸ್‌ನ ರೇಡಿಯೊ ಎಂಜಿನಿಯರ್ ಪಿಯೆರ್ ಶೆಫರ್ ರೈಲು ನಿಲ್ದಾಣದ ಸದ್ದುಗಳನ್ನೇ ಸಂಗೀತದಂತೆ ಜೋಡಿಸಿದ. ಅವನ ಬಳಿ ಇದ್ದದ್ದು ಇನ್ನೂ ತಟ್ಟೆಗಳೇ. ಗೆರೆಯನ್ನು ವೃತ್ತವಾಗಿ ಕೊರೆದು, ಒಂದೇ ಸದ್ದು ಸುತ್ತಿ ಸುತ್ತಿ ಬರುವಂತೆ ಮಾಡುತ್ತಿದ್ದ.

ನಿಜವಾದ ಬದಲಾವಣೆ ತಂದದ್ದು ಮ್ಯಾಗ್ನೆಟಿಕ್ ಟೇಪ್. ಜರ್ಮನಿಯಲ್ಲಿ 1928ರಲ್ಲಿ ಅದರ ಪೇಟೆಂಟ್, 1935ರಲ್ಲಿ ಬರ್ಲಿನ್ ಮೇಳದಲ್ಲಿ ಯಂತ್ರದ ಪ್ರದರ್ಶನ. ಯುದ್ಧ ಮುಗಿದ ಮೇಲೆ ಅದು ಜಗತ್ತಿಗೆಲ್ಲ ಹರಡಿತು. ಸ್ಟುಡಿಯೊ ಟೇಪ್ ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿತ್ತು. ಅಂದರೆ ಒಂದು ಸೆಕೆಂಡಿನ ಮಾತು ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ. ಸದ್ದು ಕಣ್ಣಿಗೆ ಕಾಣುವಷ್ಟು, ಕೈಗೆ ಸಿಗುವಷ್ಟು ದೊಡ್ಡದಾಯಿತು. ರೀಲನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ ಅಕ್ಷರ ಎಲ್ಲಿ ಶುರು ಅಂತ ಹುಡುಕಿ, ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸುತ್ತಿದ್ದರು. ಓರೆ ಯಾಕೆಂದರೆ ನೇರ ಕತ್ತರಿಸಿದರೆ ಸೇರುವಲ್ಲಿ ‘ಟಕ್’ ಅನ್ನುತ್ತದೆ. ನಮ್ಮ ಆಕಾಶವಾಣಿ ಕೇಂದ್ರಗಳಲ್ಲೂ ಈ ಸ್ಪೂಲ್ ಟೇಪ್‌ಗಳು ಬಹಳ ವರ್ಷ ಬಾಳಿದವು. ಆ ಓರೆ ಕತ್ತರಿಯೇ ಇವತ್ತು ಫೋನಿನ ಆ್ಯಪ್‌ನಲ್ಲಿ ‘ಫೇಡ್’ (ಸದ್ದು ಮೆಲ್ಲಗೆ ಏರುವುದು, ಇಳಿಯುವುದು) ಆಗಿದೆ.

1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂದಿತು. ಆಮೇಲೆ ರೇಡಿಯೊ, ಟೇಪ್ ಎರಡೂ ಇರುವ ಟೂ-ಇನ್-ಒನ್ ಮನೆಮನೆಗೆ ಬಂತು. ಮುದ್ರಣವನ್ನು ಕ್ಷಣ ನಿಲ್ಲಿಸುವ ಪಾಜ್ ಬಟನ್ ಒತ್ತಿ ಬಿಟ್ಟು, ರೇಡಿಯೊದ ಹಾಡಿಗೆ ತಂಗಿಯ ಮಾತು ಸೇರಿಸಿ ನಕ್ಕವರು ಕೊಡಗಿನಲ್ಲೂ ಕಡಿಮೆ ಇರಲಾರರು. 2000ದಲ್ಲಿ ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಕ್ಕಿತು. ಸ್ಟುಡಿಯೊದ ಕೆಲಸ ಮೇಜಿನ ಮೇಲೆ ಬಂತು. 2019ರಲ್ಲಿ ಡೀಜರ್ ಕಂಪನಿ ಬಿಟ್ಟ ಸ್ಪ್ಲೀಟರ್‌ನಂಥ ಸಾಧನಗಳು ಹಾಡಿನಿಂದ ಗಾಯಕರ ದನಿಯನ್ನೇ ಬೇರೆ ಮಾಡಿ ಕೊಡತೊಡಗಿದವು. ಒಂದು ಹಾಡಿನ ದನಿ, ಇನ್ನೊಂದರ ತಾಳ. ಮ್ಯಾಶಪ್ ಮಾಡಲು ಇನ್ನೇನು ಬೇಕು?

ಕನ್ನಡಿಗರಿಗೆ ಇದರ ರುಚಿ ಚೆನ್ನಾಗಿಯೇ ಗೊತ್ತಿದೆ. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ‘ನಿಖಿಲ್ ಎಲ್ಲಿದ್ದೀಯಪ್ಪ’ ಎಂಬ ಎರಡು ಪದ ಕೇಳದ ಕಿವಿ ಇರಲಿಲ್ಲ. ಒಂದು ಸಿನಿಮಾ ಸಮಾರಂಭದ ಹಳೆಯ ತುಣುಕು ಅದು. ಮರುವರ್ಷ ಯಶರಾಜ್ ಮುಖಾಟೆ ಎಂಬ ಯುವಕ ಹಿಂದಿ ಧಾರಾವಾಹಿಯ ಅತ್ತೆಯ ಸಂಭಾಷಣೆಗೆ ತಾಳ ಹಾಕಿದ. ಕುಕ್ಕರಿನ ಕಡಲೆಯ ಪ್ರಶ್ನೆ ಇಡೀ ದೇಶದ ಹಾಡಾಯಿತು.

ಕೊಡಗಿಗೆ ಬಂದರೆ, ಜೋಡಿಸುವ ಬುದ್ಧಿ ಇಲ್ಲಿ ಟೇಪಿಗಿಂತ ಹಳೆಯದು. ಕೊಡವರ ಸಾಂಪ್ರದಾಯಿಕ ಹಾಡು ಬಾಳೊಪಾಟ್ ಕೇಳಿ ನೋಡಿ. ನಾಲ್ವರು ದುಡಿ ಎಂಬ ಪುಟ್ಟ ವಾದ್ಯ ಹಿಡಿದು ನಿಲ್ಲುತ್ತಾರೆ. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನು ಮತ್ತೆ ಹಾಡುತ್ತಾರೆ. ಎಷ್ಟೋ ಸಾಲುಗಳು ತಲೆಮಾರುಗಳಿಂದ ಸಿದ್ಧವಾಗಿ ಬಂದವು. ಅದರ ನಡುವೆ ಇವತ್ತಿನ ಮದುಮಗನ ಹೆಸರು, ಈ ಮನೆಯ ಹೆಸರು, ಈ ಊರಿನ ಮಾತು ಕೂರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಇಂಥ ಹಾಡುಗಳನ್ನು ಸಂಗ್ರಹಿಸಿ ಕೊಟ್ಟರು. ಹಳೆಯ ತುಂಡಿಗೆ ಹೊಸ ತುಂಡು ಹೊಲಿಯುವುದು ಇಲ್ಲಿ ಕಳ್ಳತನ ಅಲ್ಲ. ಅದೇ ಹಾಡುವ ರೀತಿ.

ಇನ್ನು ಅಣಕಕ್ಕೆ ಕುಂಡೆ ಹಬ್ಬ ಇದೆ. ಮೇ ತಿಂಗಳಲ್ಲಿ ದೇವರಪುರದ ಕಡೆ ಹೋದವರಿಗೆ ಗೊತ್ತು. ಯರವ, ಕುರುಬ ಬುಡಕಟ್ಟುಗಳ ಜನ ವೇಷ ಹಾಕಿಕೊಂಡು, ಡಬ್ಬ, ಪ್ಲಾಸ್ಟಿಕ್ ಕ್ಯಾನ್ ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಮನೆ, ಅಂಗಡಿ, ರಸ್ತೆಯಲ್ಲೆಲ್ಲ ಬೈಗುಳದ ಹಾಡು ಹಾಡಿ ಕಾಣಿಕೆ ಕೇಳುತ್ತಾರೆ. ದೇವರನ್ನೂ ಬಿಡುವುದಿಲ್ಲ. ಬೇಟೆಗೆ ಜೊತೆಗೆ ಬಂದ ಅಯ್ಯಪ್ಪ ಭದ್ರಕಾಳಿಯನ್ನು ಮೆಚ್ಚಿ ತಮ್ಮನ್ನು ನಡುದಾರಿಯಲ್ಲಿ ಬಿಟ್ಟು ಹೋದ ಎಂಬ ಸಿಟ್ಟು ಅದು ಎನ್ನುತ್ತದೆ ಕತೆ. ವರ್ಷವಿಡೀ ತೋಟದಲ್ಲಿ ದುಡಿಯುವವರು ಆ ದಿನ ಧಣಿಗಳಿಗೂ ಬಾಯಿಗೆ ಬಂದಂತೆ ಅನ್ನಬಹುದು. ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ. ಕೊನೆಗೆ ದೇವರ ಮುಂದೆ ತಪ್ಪೊಪ್ಪಿಗೆ. ಪೋಸ್ಟ್ ಹಾಕುವವರಿಗಿಂತ ಮುಂಚೆಯೇ ಈ ಜನ ಅಣಕದ ನಿಯಮಗಳನ್ನು ಕಂಡುಕೊಂಡಿದ್ದರು: ಕೆಳಗಿನವರು ಮೇಲಿನವರನ್ನು ನೋಡಿ ನಗಬೇಕು, ಆಟಕ್ಕೊಂದು ಗಡಿ ಇರಬೇಕು, ಇದು ಆಟ ಅಂತ ಎಲ್ಲರಿಗೂ ಗೊತ್ತಿರಬೇಕು.

ಸದ್ದಿನ ಕೈಚಳಕವೂ ಇಲ್ಲಿದೆ. ಮಡಿಕೇರಿ ದಸರಾದ ಮೆರವಣಿಗೆಯಲ್ಲಿ ಆಡುವ ಗೊಂಬೆಗಳಿಂದ ಕತೆ ತೋರಿಸುವ ಹತ್ತು ಮಂಟಪಗಳನ್ನೇ ತೆಗೆದುಕೊಳ್ಳಿ. ಪ್ರತಿಯೊಂದರ ಹಿಂದೆ ಸಂಭಾಷಣೆ, ಹಿನ್ನೆಲೆ ಸಂಗೀತ, ಸಿಡಿಲು, ರಾಕ್ಷಸನ ನಗು ಎಲ್ಲ ಮುಂಚೆಯೇ ಜೋಡಿಸಿದ ಧ್ವನಿ ಇರುತ್ತದೆ. ಗೊಂಬೆಯ ಕೈ ಎತ್ತುವ ಕ್ಷಣಕ್ಕೆ ಸರಿಯಾಗಿ ಗುಡುಗು ಬರಬೇಕು. ಇಷ್ಟು ಕೆಲಸ ಗೊತ್ತಿರುವ ಹುಡುಗರಿಗೆ ಒಂದು ನಿಮಿಷದ ತಮಾಷೆ ಕಟ್ಟುವುದು ಕಷ್ಟವಾ? ನನಗಂತೂ ಇಲ್ಲ ಅನ್ನಿಸುತ್ತದೆ.

ಕಚ್ಚಾ ಸಾಮಗ್ರಿಯಂತೂ ಬೇಕಾದಷ್ಟಿದೆ. ಕೊಡವ ಕುಟುಂಬಗಳ ಹಾಕಿ ಹಬ್ಬವಾದ ಕೊಡವ ಹಾಕಿ ನಮ್ಮೆಯ ವೀಕ್ಷಕ ವಿವರಣೆ ನನ್ನ ಮೆಚ್ಚಿನದು. 1997ರಲ್ಲಿ ಪಾಂಡಂಡ ಕುಟುಂಬ ಕರಡದಲ್ಲಿ ಶುರು ಮಾಡಿದ ಈ ಪಂದ್ಯಾವಳಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಷ್ಟು ಬೆಳೆಯಿತು. ಮನೆತನದ ಹೆಸರುಗಳೇ ತಂಡದ ಹೆಸರುಗಳು. ಗೋಲಿನ ಹತ್ತಿರ ಚೆಂಡು ಬಂದಾಗ ಮೈಕ್ ಹಿಡಿದವರ ದನಿ ಏರುವ ರೀತಿ ಇದೆಯಲ್ಲ, ಅದನ್ನು ಕಾಫಿ ರೇಟ್ ಹೇಳುವ ಧ್ವನಿಗೆ ಜೋಡಿಸಿ ನೋಡಿ. ಕರಿಮೆಣಸು ಮುನ್ನುಗ್ಗುತ್ತಿದೆ, ರೋಬಸ್ಟಾ ಪಾಸ್ ಕೊಟ್ಟಿತು, ಬೆಲೆ ಗೋಲಿನ ಹೊರಗೆ. ಬೆಳೆಗಾರರ ಮನೆಯಲ್ಲಿ ಯಾರು ನಗದೆ ಇರುತ್ತಾರೆ? ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಗಡಗಡ, ಕಾಫಿ ಹೂ ಅರಳಿಸುವ ಬ್ಲಾಸಮ್ ಮಳೆ ಕೈಕೊಟ್ಟಾಗ ರಾತ್ರಿಯಿಡೀ ತಿರುಗುವ ಸ್ಪ್ರಿಂಕ್ಲರ್, ಆನೆ ಓಡಿಸುವ ಪಟಾಕಿ, ಬಸ್ ಕಂಡಕ್ಟರ್ ಸೀಟಿ, ಇವೆಲ್ಲ ಒಳ್ಳೆಯ ತಾಳಗಳು. ವಾಲಗದ ಲಯಕ್ಕೆ ಸ್ಪ್ರಿಂಕ್ಲರ್ ಕೂರಿಸಿದರೆ ಮಜಾ ಇರುತ್ತದೆ.

ಕನ್ನಡಕ್ಕೆ ಈ ಕೆಲಸದಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ. ಹೌದೋ ಅಲ್ಲವೋ ಅನ್ನುವುದು ಕೊನೆಯ ಎರಡು ಮೂರು ಅಕ್ಷರದಲ್ಲಿ ತೀರ್ಮಾನ ಆಗುತ್ತದೆ. ‘ಈ ರಸ್ತೆಗೆ ಡಾಂಬರು ಹಾಕುತ್ತೇವೆ’ ಎಂಬ ಭಾಷಣದಲ್ಲಿ ಕೊನೆ ಪದ ತೆಗೆದು ‘ಹಾಕುವುದಿಲ್ಲ’ ಇಟ್ಟರೆ ಸಾಕು. ಕೇಳುವವರು ಕೊನೆಯ ತನಕ ಕಾಯುತ್ತಾರೆ, ಅಲ್ಲೇ ಪೆಟ್ಟು ಬೀಳುತ್ತದೆ. ಕಷ್ಟವೂ ಇದೆ. ಮಾತಾಡುವಾಗ ಪದಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ, ನಡುವೆ ಬ್ಲೇಡ್ ಇಡಲು ಜಾಗ ಇರುವುದಿಲ್ಲ. ಉಸಿರು ತೆಗೆದುಕೊಳ್ಳುವ ಜಾಗ ಹುಡುಕಿ. ಅಲ್ಲಿ ಕತ್ತರಿಸಿದರೆ ಪದ ಅರ್ಧಕ್ಕೆ ತುಂಡಾಗುವುದಿಲ್ಲ. ದನಿ ಏರುವಲ್ಲಿ ಕತ್ತರಿಸಿದ್ದನ್ನು ದನಿ ಇಳಿಯುವಲ್ಲಿ ಅಂಟಿಸಬೇಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಬ್ಯಾರಿ, ತುಳು ಎಲ್ಲ ಒಂದೇ ಸಂತೆಯಲ್ಲಿ ಕೇಳುವ ಜಿಲ್ಲೆಯಲ್ಲಿ, ಒಂದು ಭಾಷೆಯ ಪ್ರಶ್ನೆಗೆ ಇನ್ನೊಂದು ಭಾಷೆಯ ಉತ್ತರ ಇಡುವ ಆಟ ಬೇರೆ ಎಲ್ಲಿ ಇಷ್ಟು ಸುಲಭ?

ಕಾನೂನಿನ ಮಾತು ಬಂದೇ ಬರುತ್ತದೆ. 1989ರಲ್ಲಿ ಕೆನಡಾದ ಜಾನ್ ಓಸ್ವಾಲ್ಡ್ ಹಾಡುಗಳನ್ನು ಕತ್ತರಿಸಿ ಮಾಡಿದ ಸಿ.ಡಿ.ಯನ್ನು ಪುಕ್ಕಟೆ ಹಂಚಿದ್ದರು. ಆದರೂ ರೆಕಾರ್ಡ್ ಕಂಪನಿಗಳ ಸಂಘದ ಒತ್ತಡಕ್ಕೆ ಉಳಿದ ಪ್ರತಿಗಳನ್ನು ನಾಶ ಮಾಡಬೇಕಾಯಿತು. ಬ್ರಿಟನ್ 2014ರ ಅಕ್ಟೋಬರ್‌ನಲ್ಲಿ ಅಣಕಕ್ಕೆ ಕಾನೂನಿನಲ್ಲೇ ಜಾಗ ಕೊಟ್ಟಿತು. ಅದೇ ಸಮಯಕ್ಕೆ ಕ್ಯಾಸೆಟ್‌ಬಾಯ್ ಎಂಬ ಜೋಡಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಭಾಷಣವನ್ನು ಕತ್ತರಿಸಿ ರ‍್ಯಾಪ್ ಮಾಡಿ ಹಾಕಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಅಣಕ ಎಂಬ ಪದ ಇಲ್ಲ. 52ನೇ ಕಲಂ ಸ್ವಂತ ಬಳಕೆ, ವಿಮರ್ಶೆ, ಸುದ್ದಿ ವರದಿಗೆ ನ್ಯಾಯವಾದ ಬಳಕೆಯನ್ನು ಬಿಡುತ್ತದೆ. 1996ರಲ್ಲಿ ಪಕ್ಕದ ಕೇರಳದ ಹೈಕೋರ್ಟ್, ತೋಪ್ಪಿಲ್ ಭಾಸಿಯವರ ನಾಟಕಕ್ಕೆ ಸಿವಿಕ್ ಚಂದ್ರನ್ ಬರೆದ ಪ್ರತಿನಾಟಕದ ವಿಷಯದಲ್ಲಿ ಮೂರು ಸಂಗತಿ ನೋಡಿತು. ಎಷ್ಟು ತೆಗೆದುಕೊಂಡಿದ್ದಾರೆ, ಯಾಕೆ ತೆಗೆದುಕೊಂಡಿದ್ದಾರೆ, ಮೂಲದ ವ್ಯಾಪಾರಕ್ಕೆ ಪೈಪೋಟಿ ಆಗುತ್ತದಾ. ಪ್ರತಿನಾಟಕ ಗೆದ್ದಿತು. ತುಣುಕು ಚಿಕ್ಕದಾಗಿರಲಿ, ಟೀಕೆಯೋ ನಗುವೋ ಸ್ಪಷ್ಟವಾಗಿರಲಿ, ದುಡ್ಡಿಗೆ ಮಾರಬೇಡಿ ಅನ್ನುವ ನನ್ನ ಸಲಹೆ ಅಲ್ಲಿಂದ ಬಂದದ್ದು. ಯೂಟ್ಯೂಬ್‌ನ ಹಾಡು ಪತ್ತೆಹಚ್ಚುವ ಯಂತ್ರಕ್ಕೆ ತಮಾಷೆ ಅರ್ಥ ಆಗುವುದಿಲ್ಲ, ಹಾಡು ಗುರುತಿಸಿ ತಡೆಯುತ್ತದೆ. ಪ್ರಕಟವಾಗಿ 60 ವರ್ಷ ದಾಟಿದ ಧ್ವನಿಮುದ್ರಣಕ್ಕೆ ಆ ಮುದ್ರಣದ ಹಕ್ಕು ಮುಗಿದಿರುತ್ತದೆ, ಆದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಉಳಿದಿರಬಹುದು. ಎಲ್ಲಕ್ಕಿಂತ ಒಳ್ಳೆಯದು ನಾವೇ ರೆಕಾರ್ಡ್ ಮಾಡಿದ ಸದ್ದು.

ಕಾನೂನಿಗಿಂತ ನನಗೆ ಜಾಸ್ತಿ ಚಿಂತೆ ಯಾರ ದನಿಯನ್ನು ಕತ್ತರಿಸುತ್ತೇವೆ ಅನ್ನುವುದು. ತೋಟದ ಕೆಲಸಗಾರರ ಮಾತಿನ ಧಾಟಿ, ಯರವರ ಉಚ್ಚಾರ, ಅಸ್ಸಾಮಿನಿಂದ ಬಂದ ಕಾರ್ಮಿಕರ ಕನ್ನಡ, ಇವನ್ನು ಇಟ್ಟುಕೊಂಡು ನಗಿಸುವುದು ಸುಲಭ. ಅದು ಕುಂಡೆ ಹಬ್ಬವನ್ನು ತಲೆಕೆಳಗು ಮಾಡಿದ ಹಾಗೆ. ಬೇಡ. ಮೈಕ್ ಹಿಡಿದು ಭಾಷಣ ಮಾಡುವವರು, ಭರವಸೆ ಕೊಡುವವರು ಬೇಕಾದಷ್ಟು ಇದ್ದಾರೆ.

ಇನ್ನೊಂದು ವಿಷಯದಲ್ಲಿ ಕಟ್ಟುನಿಟ್ಟು ಬೇಕು. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆ ಇದು. ಮಳೆಗಾಲದಲ್ಲಿ ಬರುವ ಎಚ್ಚರಿಕೆ, ಶಾಲೆಗೆ ರಜೆಯ ಘೋಷಣೆ, ರಸ್ತೆ ಬಂದ್ ಎಂಬ ಮಾಹಿತಿ, ಇವುಗಳ ಧ್ವನಿಯನ್ನು ಮುಟ್ಟಲೇಬಾರದು. ತಮಾಷೆ ಅಂತ ಹಾಕಿದ್ದು ಫೋನಿನಲ್ಲಿ ಮೂರನೇ ಗುಂಪಿಗೆ ಹೋಗುವಷ್ಟರಲ್ಲಿ ಸುದ್ದಿಯಾಗಿ ಬಿಡುತ್ತದೆ. ಈಗ ಯಂತ್ರವೇ ಯಾರದೇ ದನಿಯಲ್ಲಿ ಏನು ಬೇಕಾದರೂ ಹೇಳಿಸುತ್ತದೆ. ಅದಕ್ಕೇ ಹೇಳುವುದು, ಜೋಡಣೆ ಕಿವಿಗೆ ಗೊತ್ತಾಗುವಂತೆ ಇರಲಿ. ಬ್ಯುಕ್ಯಾನನ್, ಗುಡ್‌ಮನ್ ಅವರ ರೆಕಾರ್ಡನ್ನು ಯಾರೂ ನಿಜವೆಂದು ನಂಬಲಿಲ್ಲ. ಹೊಲಿಗೆ ಕಾಣುತ್ತಿತ್ತು, ಆ ಹೊಲಿಗೆಯೇ ನಗು ತರಿಸಿತು.

ಶುರು ಮಾಡುವುದು ಹೇಗೆ ಅಂದರೆ, ಎಲ್ಲರಿಗೂ ಒಂದೇ ಕಚ್ಚಾ ಧ್ವನಿ ಕೊಡುವುದು ಒಳ್ಳೆಯ ದಾರಿ. ಪರಿಚಯದ ವಿವರಣೆಗಾರರೊಬ್ಬರನ್ನು ಕೇಳಿ, ಒಪ್ಪಿಗೆ ಪಡೆದು, ಅವರಿಂದ ಎರಡು ನಿಮಿಷದ ಆಟದ ವಿವರಣೆ ರೆಕಾರ್ಡ್ ಮಾಡಿಸಿಕೊಳ್ಳಿ. ಅದನ್ನು ಎಲ್ಲರಿಗೂ ಹಂಚಿ. ಒಬ್ಬರು ಅದನ್ನು ಮದುವೆ ಊಟದ ಪಂಕ್ತಿಗೆ ಜೋಡಿಸುತ್ತಾರೆ, ಇನ್ನೊಬ್ಬರು ಕಾಫಿ ಕೊಯ್ಲಿಗೆ, ಮತ್ತೊಬ್ಬರು ಗ್ರಾಮಸಭೆಗೆ. ಒಂದು ನಿಮಿಷ ಮೀರದಿರಲಿ. ಕೇಳಿಸಿಕೊಂಡು ನಗಲು, ತಿದ್ದಲು, ಕೊನೆಗೆ ಬೇಡ ಅನ್ನಲು ಮೊದಲ ಹಕ್ಕು ಆ ವಿವರಣೆಗಾರರದ್ದು. ಅವರು ಒಪ್ಪಿದ ಮೇಲೆ ಮಾತ್ರ ಹೊರಗೆ ಬಿಡಿ.