ಇಮ್ಮರ್ಸಿವ್ ಅನಿಮೇಷನ್: ಬಾಲ್ಯದ ನೆನಪಿನೊಳಗೆ ಹೋಗಿ ನಿಲ್ಲುವುದು

ಬಾಲ್ಯದ ಒಂದು ಗಳಿಗೆಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ನೀವು ನಿಮಗೇ ಕಾಣಿಸುತ್ತೀರಾ? ಅಥವಾ ನಿಮ್ಮ ಕಣ್ಣಿಂದ ಉಳಿದದ್ದೆಲ್ಲ ಕಾಣುತ್ತದಾ? ಜಾರ್ಜಿಯಾ ನೈಗ್ರೊ ಮತ್ತು ಅಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು 1983ರಲ್ಲಿ ಈ ಎರಡು ಬಗೆಯ ಬಗ್ಗೆ ಬರೆದರು. ನೆನಪು ಹಳೆಯದಾದಷ್ಟೂ ನಾವು ಅದನ್ನು ಹೊರಗೆ ನಿಂತು ನೋಡುವುದು ಜಾಸ್ತಿಯಾಗುತ್ತದೆ. ಇಮ್ಮರ್ಸಿವ್ ಅನಿಮೇಷನ್ ಮಾಡುವವರು ಮೊದಲು ಬಗೆಹರಿಸಿಕೊಳ್ಳಬೇಕಾದದ್ದೂ ಇದನ್ನೇ: ನೋಡುಗರನ್ನು ಎಲ್ಲಿ ನಿಲ್ಲಿಸುವುದು?

ನೋಡುಗರ ಸುತ್ತಲೂ ಹರಡಿಕೊಳ್ಳುವ ಅನಿಮೇಷನ್‌ಗೆ ಈ ಹೆಸರು. ಸಾಮಾನ್ಯವಾಗಿ ಕಣ್ಣ ಮುಂದೆ ಪರದೆ ಬರುವಂತೆ ತಲೆಗೆ ಹಾಕಿಕೊಳ್ಳುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ನಲ್ಲಿ ನೋಡುತ್ತೇವೆ, ಗುಮ್ಮಟದ ಪರದೆಯಲ್ಲೂ ತೋರಿಸುತ್ತಾರೆ. 360 ಡಿಗ್ರಿ ವಿಡಿಯೊದಲ್ಲಿ ತಲೆ ತಿರುಗಿಸಿ ಸುತ್ತ ನೋಡಬಹುದು, ಅಷ್ಟೇ. ಪೂರ್ಣ ವಿಆರ್‌ನಲ್ಲಿ ಬಗ್ಗಬಹುದು, ಹೆಜ್ಜೆ ಇಟ್ಟು ಕುರ್ಚಿಯ ಹಿಂದೆ ಇಣುಕಬಹುದು.

ಬಾಲ್ಯಕ್ಕೂ ಇದಕ್ಕೂ ಏನು ನಂಟು? ಸುಮಾರು 3 ವರ್ಷಕ್ಕಿಂತ ಮುಂಚಿನದು ನಮ್ಮಲ್ಲಿ ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ. ಆಮೇಲಿನದೂ ತುಂಡು ತುಂಡು. ಕ್ಯಾಮೆರಾಗೆ ಇದು ಕಷ್ಟ. ಒಂದು ಕೋಣೆಗೆ ಕ್ಯಾಮೆರಾ ಹಿಡಿದರೆ ಗೋಡೆ, ಕಿಟಕಿ, ನೆಲ ಎಲ್ಲವೂ ಒಟ್ಟಿಗೇ ಬಂದುಬಿಡುತ್ತವೆ, ಮರೆತುಹೋದದ್ದೂ ಸೇರಿ. ಚಿತ್ರ ಬರೆಯುವವರು ಮರೆತದ್ದನ್ನು ಹಾಗೇ ಖಾಲಿ ಬಿಡಬಹುದು. ನನಗೆ ಈ ಖಾಲಿ ಜಾಗವೇ ಅತ್ಯಂತ ಪ್ರಾಮಾಣಿಕ ಅನ್ನಿಸುತ್ತದೆ.

ಒಂದು ಅಡುಗೆಮನೆ ಅಂದುಕೊಳ್ಳಿ. ನಾಲ್ಕು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ದೃಶ್ಯವನ್ನು ಆ ಎತ್ತರಕ್ಕೆ ಹೊಂದಿಸಿದರೆ ಅಡುಗೆಕಟ್ಟೆಯ ಅಂಚು ನೇರ ಮುಖದ ಮುಂದೆಯೇ ಬರುತ್ತದೆ. ಮೇಲೆ ಏನಿದೆ ಗೊತ್ತಾಗುವುದಿಲ್ಲ. ಅಮ್ಮನ ಬೆರಳು, ಉಗುರು, ಒದ್ದೆ ಸೆರಗಿನ ತುದಿ ಸ್ಪಷ್ಟವಾಗಿ ಕಾಣುತ್ತವೆ. ಮುಖ ಮಾತ್ರ ನಾಲ್ಕೇ ಗೆರೆ. ಹಿಂದಿನ ಗೋಡೆ ಅರ್ಧಕ್ಕೇ ನಿಂತುಹೋಗಿದೆ. ನೋಡುಗರು ದೊಡ್ಡವರಾದರೂ ಆಗ ಕತ್ತೆತ್ತಿ ನೋಡಲೇಬೇಕು. ಚಿಕ್ಕವರಾಗಿರುವುದು ಹೇಗಿತ್ತು ಅನ್ನುವುದು ಮೈಗೇ ತಿಳಿಯುತ್ತದೆ, ಅಲ್ವಾ?

2017ರಲ್ಲಿ ಬಂದ ‘ಡಿಯರ್ ಆಂಜೆಲಿಕಾ’ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. ಮಗಳೊಬ್ಬಳು ತಾಯಿಯನ್ನು ನೆನೆಯುವ ಕಿರುಚಿತ್ರ ಅದು. ಅದನ್ನು ಹೆಡ್‌ಸೆಟ್ ಹಾಕಿಕೊಂಡೇ, ಗಾಳಿಯಲ್ಲಿ ಕೈಯಾಡಿಸಿ ಬರೆದರು. ಅದಕ್ಕೆಂದೇ ಹುಟ್ಟಿದ ಸಾಫ್ಟ್‌ವೇರ್ ಕ್ವಿಲ್. ಗೆರೆಗಳು ಒಂದೊಂದಾಗಿ ನಮ್ಮ ಸುತ್ತ ಮೂಡುತ್ತಾ ಹೋಗುತ್ತವೆ. ನೆನಪು ಬರುವುದೂ ಹಾಗೇ ತಾನೇ!

ಕಷ್ಟಗಳೂ ಇವೆ. ಮುಖ್ಯ ಘಟನೆ ಎದುರಿಗೆ ನಡೆಯುವಾಗ ನೋಡುಗರು ಬೆನ್ನು ತಿರುಗಿಸಿ ನಿಂತಿರಬಹುದು. ಹಾಗಾಗಿ ಶಬ್ದದ ಮೇಲೆ ತುಂಬಾ ಕೆಲಸ ಬೀಳುತ್ತದೆ. ಎಡಗಡೆ ಹಿಂದಿನಿಂದ ಪಾತ್ರೆ ಬಿದ್ದ ಸದ್ದು ಕೇಳಿದರೆ ಯಾರೂ ಹೇಳದೆಯೇ ತಲೆ ಆ ಕಡೆ ತಿರುಗುತ್ತದೆ. ಇನ್ನು ಹೆಡ್‌ಸೆಟ್‌ನ ಚಿತ್ರ ತಲೆಯ ಚಲನೆಗೆ ಸ್ವಲ್ಪ ತಡವಾದರೂ ಹೊಟ್ಟೆ ತೊಳಸುತ್ತದೆ. ಅದಕ್ಕೇ ಅನೇಕ ಹೆಡ್‌ಸೆಟ್‌ಗಳು ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತವೆ. ಕೈಯಲ್ಲಿ ಬರೆದ ಪಾತ್ರ ಮಾತ್ರ ಹಳೆಯ ಪದ್ಧತಿಯಂತೆ ಸೆಕೆಂಡಿಗೆ 12 ಚಿತ್ರಗಳಲ್ಲೇ ಅಲುಗಾಡುತ್ತಿದ್ದರೂ ನಡೆಯುತ್ತದೆ.